ಮುಯ್ಯಾಳಿನ ಸಾಲಿನಲ್ಲಿ ಒಂದು ಕೆಮ್ಮು

ನಮ್ಮ ರಾವಂದೂರು ಕಡೆ ಹೊಗೆಸೊಪ್ಪು ಕಟ್ಟುವ ಕಾಲದಲ್ಲಿ ಕೆಮ್ಮಿಗೆ ಯಾರೂ ಕಿವಿಗೊಡುವುದಿಲ್ಲ, ಮಿತ್ರರೇ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತ ಕೂತ ಹೆಂಗಸರ ಸಾಲಿನಲ್ಲಿ ಒಬ್ಬಳು ಕೆಮ್ಮಿದರೆ ಇನ್ನೊಬ್ಬಳು "ಸೊಪ್ಪಿನ ಘಾಟು ಕಣ, ಬುಡು" ಎನ್ನುತ್ತಾಳೆ. ಅಲ್ಲಿಗೆ ವಿಚಾರಣೆಯೂ ಮುಗಿಯಿತು, ವೈದ್ಯವೂ ಮುಗಿಯಿತು. ನಾನೂ ಒಂದು ತಿಂಗಳು ಹಾಗೇ ಕೆಮ್ಮಿಕೊಂಡಿದ್ದೆ. ಕಫದ ಪರೀಕ್ಷೆಯಲ್ಲಿ ಕ್ಷಯವೆಂದು ಗೊತ್ತಾದಾಗ, ದೇವರಾಣೆಗೂ ನನಗೆ ಸಾವಿನ ನೆನಪಾಗಲಿಲ್ಲ, ಮುಯ್ಯಾಳಿನ ನೆನಪಾಯಿತು.

ಮುಯ್ಯಾಳೆಂದರೆ ಇಂದು ನಿಮ್ಮ ಮನೆಯ ಕೆಲಸಕ್ಕೆ ನಾನು, ನಾಳೆ ನಮ್ಮ ಮನೆಯ ಕೆಲಸಕ್ಕೆ ನೀವು. ಆ ಸಾಲು ಯಾರನ್ನು ಹೊರಗಿಟ್ಟಿತೋ ಅವಳ ಸೊಪ್ಪು ಅಂಗಳದಲ್ಲೇ ಬಾಡುತ್ತದೆ. ಹಾಗಾಗಿ ಮಾತ್ರೆಗಳನ್ನು ರಾಗಿ ಡಬ್ಬದಲ್ಲಿ ಅಡಗಿಸಿದೆ. ಆಶಾ ಕಾರ್ಯಕರ್ತೆ ಮಂಜುಳಾ, ಪಾಪ, ನನ್ನ ಮಾನ ಕಾಯಲೆಂದೇ ಕೊಟ್ಟಿಗೆಯ ಬಾಗಿಲಿನಿಂದ ಬರುತ್ತಿದ್ದಳು.

"ನಿಮ್ ಜೊತೆ ಕೂತು ಸೊಪ್ಪು ಕಟ್ಟಿದೋರು ಯಾರ್ಯಾರು ಹೇಳಿ ಅಕ್ಕ, ಅವ್ರಿಗೂ ಪರೀಕ್ಷೆ ಮಾಡಿಸ್ಬೇಕು" ಎಂದಳು.

"ಒಬ್ಳೇ ಕಟ್ಕಂಡೆ ಕಣವ್ವ" ಎಂದೆ. ಎಂಥ ಸುಳ್ಳು! ಒಬ್ಬಳೇ ಕೂತು ಸೊಪ್ಪು ಕಟ್ಟಿದವಳು ನಮ್ಮ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಸಾಕಮ್ಮ ಕೆಮ್ಮತೊಡಗಿದಳು. ಯಾವಾಗಲೂ ನನ್ನ ಮಗ್ಗುಲಲ್ಲೇ ಕೂರುವವಳು; ಮಡಿಲಲ್ಲಿ ಎರಡು ವರ್ಷದ ಮೊಮ್ಮಗಳು. "ಘಾಟು ಕಣ" ಎಂದು ಅವಳು ನಕ್ಕಳು. ನಾನು ಬಚ್ಚಿಟ್ಟುಕೊಂಡ ಮಾನ ಆ ಮಗುವಿನ ಉಸಿರಿಗಿಂತ ದೊಡ್ಡದೇ ಎಂದು ಎರಡು ದಿನ ಒದ್ದಾಡಿ, ಮೂರನೆಯ ದಿನ ಅವಳ ಜಗಲಿಯಲ್ಲಿ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಸಾಕಮ್ಮ ಮಗುವನ್ನೆತ್ತಿಕೊಂಡು ಒಳಗೆ ಹೋಗಿ ಕದ ಹಾಕಿಕೊಂಡಳು. ಮಾರನೆಯ ಬೆಳಿಗ್ಗೆ ಮಂಜುಳಾಳ ಜೊತೆ ಆಸ್ಪತ್ರೆಗೆ ಹೋದಳು. ಅವಳಿಗೂ ರೋಗವಿತ್ತು. ಮಗುವಿಗೆ ಇರಲಿಲ್ಲ, ಮುಂದೆ ಬಾರದಂತೆ ಔಷಧ ಕೊಟ್ಟರು. ಆ ಸುದ್ದಿ ಕೇಳಿ ನಾನು ಕೊಟ್ಟಿಗೆಯಲ್ಲಿ ನಿಂತು ಮನಸಾರೆ ಅತ್ತೆ.

ಇನ್ನು ನಮ್ಮಿಬ್ಬರಿಂದ ಹರಡುವ ಭಯವಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ನಮ್ಮ ಮನೆಯ ಮುಯ್ಯಿ ಬಂತು. ಯಾರೂ ಬರಲಾರರೆಂದು ಎಲೆಯ ರಾಶಿಯ ಮುಂದೆ ಒಬ್ಬಳೇ ಕೂತಿದ್ದೆ. ಸಾಕಮ್ಮ ಐದು ಜನರನ್ನು ಕರೆದುಕೊಂಡು ಬಂದಳು, ಅಂಗಳದಲ್ಲೇ ನಿಂತು ದೊಡ್ಡ ದನಿಯಲ್ಲಿ ಹೇಳಿದಳು: "ನಂಗೂ ಇವ್ಳಿಗೂ ಟಿಬಿ ಕಣ್ರವ್ವ. ಮಾತ್ರೆ ನುಂಗ್ತಾ ಇದೀವಿ. ನೀವೂ ಒಂದ್ಸಲ ಕಫ ತೋರಿಸ್ಕಂಡ್ ಬನ್ನಿ. ಈಗ ಕೂತ್ಕಳೋರು ಕೂತ್ಕಳಿ, ಸೊಪ್ಪು ಬಾಡ್ತದೆ."

ಇಬ್ಬರು ಹಿಂದಿರುಗಿ ಹೋದರು, ಮೂವರು ಕೂತರು. ಆ ವಾರವೇ ಮೂವರೂ ಆಸ್ಪತ್ರೆಗೆ ಹೋಗಿಬಂದರು.

ಈ ರೋಗ ನಾನು ಅವಳಿಗೆ ಕೊಟ್ಟಿದ್ದೋ, ಅವಳು ನನಗೆ ಕೊಟ್ಟಿದ್ದೋ, ಸಾಕಮ್ಮ ಇಂದಿಗೂ ಒಂದು ಮಾತು ಕೇಳಿಲ್ಲ. ಕೇಳದೆ ಬಿಟ್ಟಳಲ್ಲ, ಅದಕ್ಕೇ ಬದುಕಿರುವಷ್ಟು ದಿನ ನಾನು ಅವಳಿಗೆ ಋಣಿ.