ದುತೋಯ್ ಮನೆತನದ ಮೊಹರು

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ. ನಿನ್ನೆ ಟೋಕಿಯೋದ ನಿಶಿ ಕಸಾಯಿ ಬಡಾವಣೆಯ ಮೊಹರಿನ ಅಂಗಡಿಯಲ್ಲಿ ಇನ್ನು ಮುಂದೂಡಲು ಆಗಲಿಲ್ಲ.

ಇಲ್ಲಿಯವರು ಸಹಿಯ ಬದಲು ಮನೆತನದ ಹೆಸರಿನ ಮೊಹರು ಒತ್ತುತ್ತಾರೆ. ನಾವು ಉಳಿದುಕೊಂಡಿರುವ ಮಗಳ ಮನೆಯ ಪಕ್ಕದಲ್ಲಿರುವ ದಕ್ಷಿಣ ಆಫ್ರಿಕಾದ ಮೇಷ್ಟ್ರು ತಮ್ಮದನ್ನು ತರಲು ಹೊರಟಾಗ ನಾನೂ ಹೆಂಡತಿಯೂ ಜೊತೆಗೆ ಹೋದೆವು. ಅವರ ಮನೆತನ ದುತೋಯ್.

"ನಮ್ಮ ಹಿರಿಯರು ಹ್ಯೂಗೆನಾಟರು, ಅಂದ್ರೆ ಫ್ರಾನ್ಸಿನ ಪ್ರೊಟೆಸ್ಟೆಂಟ್ ಕ್ರೈಸ್ತರು, ಅಂಕಲ್. ಧರ್ಮಕ್ಕಾಗಿ ಫ್ರಾನ್ಸ್ ಬಿಟ್ಟು ನಮ್ಮ ಕೇಪ್ ಪ್ರಾಂತ್ಯಕ್ಕೆ ಬಂದು ದ್ರಾಕ್ಷಿ ಬೆಳೆದರು. ಮೊಮ್ಮಕ್ಕಳು ಫ್ರೆಂಚ್ ಮರೆತು ಆಫ್ರಿಕಾನ್ಸ್ ಆಡಿದರು. ಹೆಸರು ಮಾತ್ರ ಬಿಡಲಿಲ್ಲ," ಎಂದು ಎದೆಯುಬ್ಬಿಸಿದರು.

ಹೆಂಡತಿ ನನ್ನತ್ತ ತಿರುಗಿ ನಕ್ಕಳು. "ನೋಡಿ, ನನ್ನ ಹೆಸರನ್ನ ನೀವು ಒಂದೇ ದಿನದಲ್ಲಿ ಬಿಡಿಸಿದ್ರಿ."

ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ನಾನು ಅವಳಿಗೆ ಹೊಸ ಹೆಸರು ಬರೆದಿದ್ದೆ. ಪದ್ಧತಿಯೇನೋ ಇತ್ತು, ಆದರೆ ಅವಳನ್ನು ಒಂದು ಮಾತೂ ಕೇಳಲಿಲ್ಲ. ಅಜ್ಜಿಯಿಂದ ಬಂದ ಅವಳ ಹೆಸರು ಹಳ್ಳಿಯದೆಂದು ನನಗೆ ನಾಚಿಕೆಯಾಗಿತ್ತು. ಅಂದಿನಿಂದ ಶೋಭಾ ಎಂದೇ ಕರೆದೆ. ಕ್ಷಮೆ ಕೇಳಲೇ ಇಲ್ಲ.

ನಮಗೂ ಮೊಹರು ಬೇಕೇ ಎಂದು ಅಂಗಡಿಯವರು ಸನ್ನೆ ಮಾಡಿದರು. ಹೆಂಡತಿಯನ್ನು ಮುಂದೆ ನಿಲ್ಲಿಸಿ ನಾನೂ ಎದೆಯುಬ್ಬಿಸಿದೆ.

"ಇವರಿಗೆ ಮಾಡಿಕೊಡಿ," ಎಂದೆ. "ಹೆಸರು ವೆಂಕಮ್ಮ."