ಕುಚ್ಚಲಕ್ಕಿ ಬೇಯುವಷ್ಟು ಹೊತ್ತು

ನನಗೆ ಸುಮ್ಮನಿರಲು ಬರುವುದಿಲ್ಲ. ಜಪಕ್ಕೆ ಕೂತಾಗಲೂ ಒಲೆಯ ಮೇಲಿನ ಹಾಲಿಗೆ ಒಂದು ಮಾತು ಹೇಳಿಯೇ ಮುಂದಿನ ಮಣಿಗೆ ಹೋಗುವವಳು ನಾನು. ಅಂಥವಳಿಗೆ ಮಗಳ ಶಾಲೆ ಈ ವರ್ಷ ಮೌನವ್ರತ ಕೊಟ್ಟಿತು.

ಒಂಬತ್ತನೇ ತರಗತಿಯವರಿಗೆ ಒಂದು ರಾತ್ರಿಯ ಪ್ರವಾಸ. ಎಲ್ಲಿಗೆ ಹೋಗುದು, ಎಲ್ಲಿ ಮಲಗುದು, ಎಂತ ಉಣ್ಣುದು, ಎಲ್ಲ ಮಕ್ಕಳೇ ನಿಶ್ಚಯಿಸಬೇಕು. ಟೀಚರ್ ಜೊತೆಗಿದ್ದರೂ ಬಾಯಿ ಹಾಕುವುದಿಲ್ಲ. ಮನೆಯವರೂ ಹಾಗೆಯೇ, ಕೇಳದೆ ಹೇಳಬಾರದು. ಹುಡುಗಿಯರು ಸಂಪಾಜೆಯ ಹತ್ತಿರ ಹೊಳೆ ಬದಿಯ ಒಂದು ಸಭಾಭವನ ಹುಡುಕಿದರು. ಅಡುಗೆಯ ಯಜಮಾನಿಕೆ ನನ್ನ ಮಗಳು ಸ್ಮಿತಾಳಿಗೆ.

"ಅಮ್ಮ, ಉಣ್ಣುವ ಸ್ವಲ್ಪ ಮೊದಲು ಕುಚ್ಚಲಕ್ಕಿ ಒಲೆಗಿಟ್ಟರೆ ಸಾಕು. ಒಂದು ಕುದಿ ಬಂದ್ರೆ ಅನ್ನ ಆಯ್ತಲ್ಲ" ಎಂದಳು. ಕೇಳಿದ್ದಲ್ಲ, ತಿಳಿಸಿದ್ದು.

ತಪ್ಪು ಅವಳದ್ದಲ್ಲ. ನಮ್ಮಲ್ಲಿ ಅಕ್ಕಿಯನ್ನು ಸ್ವಲ್ಪ ಕುದಿಸಿ, ಪಾತ್ರೆ ಸಮೇತ ಬಿಸಿ ಹಿಡಿಯುವ ಡಬ್ಬದೊಳಗೆ ಇಳಿಸಿ ಮುಚ್ಚಿಬಿಡುದು. ಬೆಂಕಿಯಿಲ್ಲದೆ, ಗಂಟೆಗಟ್ಟಲೆ, ಕತ್ತಲಲ್ಲೇ ಅದು ಬೇಯುತ್ತದೆ. ಡಬ್ಬ ಇರುವುದು ಬಿಸಿ ಆರದಿರಲಿಕ್ಕೆ ಎಂದೇ ಅವಳು ತಿಳಿದಿದ್ದಳು.

"ಹೇಳಿಬಿಡು ಮಾರಾಯ್ತಿ, ಅಷ್ಟು ಜನರೆದುರು ಅವಳ ಮರ್ಯಾದೆ ಹೋಗುದು ಬೇಡ" ಎಂದರು ಇವರು. ತರಗತಿಯಲ್ಲಿ ಕೈ ಎತ್ತದ ಹುಡುಗಿ ಮೊದಲ ಸಲ "ನಾನು ಮಾಡ್ತೇನೆ" ಎಂದದ್ದು. ನಾನು ಹೇಳಿದರೆ ಅನ್ನವೇನೋ ಬೇಯುತ್ತದೆ, ಯಜಮಾನಿಕೆ ನನ್ನದಾಗುತ್ತದೆ. ಹೇಳದಿದ್ದರೆ, ಅವಳು ಮತ್ತೆಂದೂ ಕೈ ಎತ್ತದೆ ಹೋದರೆ? ತುಟಿ ಕಚ್ಚಿಕೊಂಡೆ.

ಅವಳು ಹೋದ ಸಂಜೆ ದೀಪ ಹಚ್ಚಿ ಕೂತರೆ ಜಪದ ನಡುವೆ ಸಂಪಾಜೆಯ ಹೊಳೆ ಹರಿಯತೊಡಗಿತು. ಕಲ್ಲೊಲೆ, ಹೊಗೆ, ಘಾಟಿ ಹತ್ತುವ ಲಾರಿಗಳ ಬೆಳಕು ಮರಗಳನ್ನು ಸವರಿ ಹೋಗುವುದು. ಗುರುಕುಲದ ಮಕ್ಕಳೂ ತಾವೇ ಸೌದೆ ತರುತ್ತಿದ್ದರಂತೆ. ಅನ್ನ ಬೇಯದ ದಿನ ಗುರುಗಳು ಎಂತ ಮಾಡುತ್ತಿದ್ದರೆಂದು ಯಾವ ಪುರಾಣಿಕರೂ ನನಗೆ ಹೇಳಲಿಲ್ಲ. ನಾನಾದರೋ ಮದುವೆಯಾದ ಮೇಲೆ ಹೊರಗೆ ಉಳಿದ ರಾತ್ರಿಗಳೆಲ್ಲ ಯಾರದೋ ಬಾಣಂತನಕ್ಕೆ, ಆಸ್ಪತ್ರೆಗೆ. ಸುಮ್ಮನೆ ಹೋದದ್ದೆಂದು ಒಂದೂ ಇಲ್ಲ.

ಮರುದಿನ ನಮ್ಮೂರ ದರ್ಬೆಯಲ್ಲಿ ಬಸ್ಸಿಳಿದವಳ ಮೈಯೆಲ್ಲ ಹೊಗೆವಾಸನೆ.

"ಅನ್ನ ಕಲ್ಲಿನ ಹಾಗೆ ಇತ್ತು ಅಮ್ಮ! 'ಯಜಮಾನಿಯವರೇ, ಇವತ್ತು ಊಟವಾ, ಏಕಾದಶಿಯಾ?' ಅಂತ ಒಬ್ಬಳು ಕೇಳಿದ್ಲು. ಅಳು ಬಂತು. ಅತ್ತರೆ ಬೇಯುದಿಲ್ಲ ಅಂತ ಇನ್ನಷ್ಟು ಸೌದೆ ಒಟ್ಟಿದೆ. ಎಲ್ರೂ ಒಲೆ ಸುತ್ತ ಕೂತ್ರು. ಅಂತ್ಯಾಕ್ಷರಿ ಮುಗಿಯುವಾಗ ಗಂಜಿ ಆಗಿತ್ತು. ಒಂದು ಅಗುಳು ಉಳೀಲಿಲ್ಲ." ಆಮೇಲೆ ನನ್ನ ಮುಖ ನೋಡಿದಳು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಎಂತ ಅಮ್ಮ ಮಾರಾಯ್ತಿ ನೀನು!" ಎಂದು ನಕ್ಕುಬಿಟ್ಟಳು.

ದೇವರು ದೊಡ್ಡವ. ಮಳೆ ಬರಲಿಲ್ಲ, ಸೌದೆ ಒಣಗಿತ್ತು, ನನ್ನ ಬಾಯಿ ತೆರೆಯಲಿಲ್ಲ. ಕೊನೆಯದು ಪವಾಡವೇ.

ಮೊನ್ನೆ ಸ್ಮಿತಾ ಹೇಳಿದಳು, "ರಜೆಯಲ್ಲಿ ನಾವಿಬ್ರೇ ಒಂದು ರಾತ್ರಿ ಎಲ್ಲಾದ್ರೂ ಹೋಗುವ. ಪ್ಲಾನ್ ಪೂರಾ ನಂದು."

"ನಾನೆಂತ ತರ್ಬೇಕು?"

"ಒಳ್ಳೆ ಹಸಿವು."

ಎಲ್ಲಿಗೆಂದು ನಾನಿನ್ನೂ ಕೇಳಲಿಲ್ಲ.