ಕವಳಿ ಮುಳ್ಳು, ನರಿಯ ಹಲ್ಲು

ಈಗಲೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಆ ನರಿಯ ನಡಿಗೆ. ಹಿಂಗಾಲು ಒಂದು ಕಡೆಗೆ ಜೋಲುತ್ತಿತ್ತು.

ನಾನು ಮತ್ತು ವೈನಿ, ಅಂದರೆ ನಮ್ಮಣ್ಣನ ಹೆಂಡತಿ, ಕಿತ್ತೂರಿನಾಚೆಯ ಅಡವಿಗೆ ಕವಳಿ ಹಣ್ಣು ತರಲು ಹೋಗಿದ್ದೆವು. ಕವಳಿ ಕಪ್ಪಗೆ ಹಣ್ಣಾಯಿತೆಂದರೆ ವೈನಿಯ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಪೊದೆಯ ಒಳಗೊಳಗೇ ನುಗ್ಗಿ, ಬುಟ್ಟಿ ಅರ್ಧ ತುಂಬುವಷ್ಟರಲ್ಲಿ ಇಬ್ಬರ ಕೈಕಾಲೂ ಮುಳ್ಳಿಗೆ ಸಿಕ್ಕಿ ಗೀರುಗೀರಾಗಿದ್ದವು.

ಆಗ ಪೊದೆಯ ಆಚೆ ಮಗ್ಗುಲಿನಿಂದ ನರಿ ಹೊರಬಂತು. ಹಾಡುಹಗಲು. ನಮ್ಮನ್ನು ಕಂಡು ಓಡಲಿಲ್ಲ, ನಮ್ಮ ಕಡೆಗೇ ನಡೆಯಿತು.

ನಮ್ಮಲ್ಲಿ ನರಿಯ ಮುಖ ನೋಡುವುದೆಂದರೆ ಶುಭ. ಬೆಳಗ್ಗೆ ಎದ್ದ ಕೂಡಲೇ ಕಾಣಲೆಂದು ಅದರ ಫೋಟೋ ತೂಗುಹಾಕಿಕೊಂಡ ಮನೆಗಳಿವೆ. ಇಲ್ಲಿ ಜೀವಂತ ನರಿಯೇ ಎದುರು ಬರುತ್ತಿತ್ತು! ವಿಜ್ಞಾನದ ಡಿಗ್ರಿ ಮುಗಿಸಿದ ನನಗೆ ಆ ಕ್ಷಣ ನೆನಪಾದದ್ದು ಮೊಬೈಲ್ ಒಂದೇ; ತೆಗೆದು ವಿಡಿಯೋ ಮಾಡತೊಡಗಿದೆ. ವೈನಿ ಬುಟ್ಟಿ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಕೈ ಮುಗಿದು ಕಣ್ಣು ಮುಚ್ಚಿದರು.

"ಮಾರಿ ತೋರ್ಸಾಕ ತಾನಾಗೇ ಬರಾಕ ಹತ್ತೇತಿ. ಸುಮ್ನ ನಿಂದ್ರು ನೀ."

ಮೊಬೈಲಿನಲ್ಲಿ ಅದರ ಮುಖ ದೊಡ್ಡದಾಗುತ್ತ ಬಂತು. ಬಾಯಿಂದ ಜೊಲ್ಲು ಎಳೆಯಾಗಿ ಇಳಿಯುತ್ತಿತ್ತು. ಕಣ್ಣು ನಮ್ಮತ್ತ ಇದ್ದರೂ ನಮ್ಮನ್ನು ನೋಡುತ್ತಿರಲಿಲ್ಲ.

"ವೈನಿ, ಹಿಂದ ಸರೀರಿ. ಅದಕ್ಕ ಹುಚ್ಚ ಹಿಡದೈತಿ."

ಅವರು ಕಣ್ಣು ತೆರೆಯುವುದಕ್ಕೂ ಅದು ಹಾರುವುದಕ್ಕೂ ಸರಿಹೋಯಿತು. ಸೀರೆಯ ಅಂಚು ಅದರ ಬಾಯಲ್ಲಿತ್ತು. ವೈನಿ ಎಳೆದರು, ಅದೂ ಎಳೆಯಿತು. ನಾನು ಬುಟ್ಟಿಯನ್ನೆತ್ತಿ ಹಣ್ಣಿನ ಸಮೇತ ಅದರ ತಲೆಯ ಮೇಲೆ ಬೋರಲು ಹಾಕಿದೆ. ಸೀರೆ ಬಿಟ್ಟು ಬುಟ್ಟಿ ಕಚ್ಚಿತು, ಗರಗರ ಸುತ್ತಿತು, ಮುಗ್ಗರಿಸುತ್ತ ಹಳ್ಳದ ಕಡೆಗೆ ಹೋಯಿತು. ನಾವು ಬೇರೆ ದಿಕ್ಕಿಗೆ ಓಡಿದೆವು. ಹಳ್ಳದ ಕಡೆ ಆಡು ಕಾಯುವವರಿಗೆ ತಿಳಿಸು ಎಂದು ಓಡುತ್ತಲೇ ಅಣ್ಣನಿಗೆ ಫೋನ್ ಮಾಡಿದೆ. ರಸ್ತೆ ಮುಟ್ಟಿದ ಮೇಲೆ ನೋಡಿದರೆ ವೈನಿ ಬರಿಗಾಲಲ್ಲಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಮಾತು: ಹಲ್ಲು ಕಾಲಿಗೆ ತಾಗಿತೋ ಇಲ್ಲವೋ?

ನಿಜವಾದ ಹೆದರಿಕೆ ಹುಟ್ಟಿದ್ದು ಅಲ್ಲಿ. ನಳದ ಕೆಳಗೆ ಸೋಪು ಹಚ್ಚಿ ವೈನಿಯ ಕಾಲು ತೊಳೆಯುತ್ತಿದ್ದೆ. ಮೊಣಕಾಲಿನಿಂದ ಹಿಮ್ಮಡಿಯವರೆಗೆ ಗೀರುಗಳು, ಎಲ್ಲವೂ ಹಸಿ, ಎಲ್ಲವೂ ಕೆಂಪು. ಇದು ಕವಳಿದು, ಇದೂ ಕವಳಿದು ಎಂದು ವೈನಿ ಬೆರಳಿಟ್ಟು ಹೇಳುತ್ತ ಬಂದರು. ಹಿಮ್ಮಡಿಯ ಮೇಲಿನ ಒಂದು ಗೀರಿನ ಹತ್ತಿರ ಬೆರಳು ನಿಂತಿತು.

"ತಂಗೆವ್ವ, ಇದು ಯಾವಾಗ ಆತು?"

ನನಗೂ ಗೊತ್ತಿರಲಿಲ್ಲ. ಮೊಬೈಲಿನಲ್ಲೂ ಇರಲಿಲ್ಲ; ನೋಡಿದರೆ ಆಕಾಶ, ಮಣ್ಣು, ನನ್ನದೇ ಚೀರಾಟ.

ಹುಡುಕುತ್ತ ಕೂರುವುದು ಬೇಡ, ಎಲ್ಲವೂ ನರಿಯದೇ ಎಂದುಕೊಳ್ಳೋಣ ಎಂದರು ಡಾಕ್ಟರು. ಗೀರುಗಳ ಸುತ್ತ ಚುಚ್ಚಿದರು, ತೋಳಿಗೂ ಚುಚ್ಚಿದರು. ನನ್ನ ಕೈಮೇಲೂ ಗೀರುಗಳಿದ್ದುದರಿಂದ ನನ್ನನ್ನೂ ಬಿಡಲಿಲ್ಲ. ಆ ಹುಚ್ಚು ತಗಲಿದವರಿಗೆ ನೀರು ಕಂಡರೆ ಭಯವೆಂದು ಓದಿದ್ದೆ; ಮುಂದಿನ ದಿನಗಳಲ್ಲಿ ವೈನಿ ನೀರು ಕುಡಿಯುವಾಗಲೆಲ್ಲ ನಾನು ಕದ್ದು ನೋಡುತ್ತಿದ್ದೆ. ನಾನು ನೋಡುತ್ತೇನೆಂದು ತಿಳಿದು ಅವರು ಬೇಕೆಂದೇ ಗಟಗಟ ಕುಡಿಯುತ್ತಿದ್ದರು.

ಕೊನೆಯ ಇಂಜೆಕ್ಷನ್ ಮುಗಿಸಿ ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆ ಅದೇ ಅಡವಿ ಸರಿಯಿತು. ಮತ್ತೆ ನರಿ ಕಂಡರೆ ಕೈ ಮುಗಿಯುತ್ತೀರೇನು ಎಂದು ಕೆಣಕಿದೆ.

"ಮುಗೀತೇನಿ. ಆದ್ರ ಕಣ್ಣ ತಗದು ಮುಗೀತೇನಿ," ಎಂದರು. ಕೈ ಮಾತ್ರ ತಾನಾಗಿಯೇ ಹಿಮ್ಮಡಿಗೆ ಹೋಯಿತು, ಮಾಯ್ದುಹೋದ ಆ ಒಂದು ಗೀರಿನ ಮೇಲೆ.